ರಜೆಯ ದಿನದ ಸರತಿ ಸಾಲು ಏಕೆ ಅಷ್ಟು ಬೆಳೆಯುತ್ತದೆ

ಅಮೆರಿಕದ ಫ್ಲಾರಿಡಾದಲ್ಲಿರುವ ಮ್ಯಾಜಿಕ್ ಕಿಂಗ್‌ಡಮ್ ಎಂಬ ಡಿಸ್ನಿ ಪಾರ್ಕಿನಲ್ಲಿ ಜನಸಂದಣಿ ಅತಿಯಾಗುವುದು ಕ್ರಿಸ್‌ಮಸ್ ಮತ್ತು ಹೊಸ ವರ್ಷದ ನಡುವಿನ ವಾರದಲ್ಲಿ. ಬೇರೆ ದಿನಗಳಲ್ಲಿ ಅರ್ಧ ಗಂಟೆ ಕಾದರೆ ಸಿಗುವ ರೈಡಿಗೆ ಆ ವಾರ ಎರಡು ಗಂಟೆ ನಿಲ್ಲಬೇಕಾಗಿ ಬರುವುದು ಅಪರೂಪವಲ್ಲ. ಹಾಗೆಂದು ಪಾರ್ಕಿಗೆ ಬಂದವರ ಸಂಖ್ಯೆ ನಾಲ್ಕು ಪಟ್ಟಾಗಿರುವುದಿಲ್ಲ. ಜನ ಸ್ವಲ್ಪವೇ ಹೆಚ್ಚಿದರೂ ಕಾಯುವ ಹೊತ್ತು ಹಲವು ಪಟ್ಟು ಹೆಚ್ಚುವುದಕ್ಕೆ ಗಣಿತದಲ್ಲಿ ಸ್ಪಷ್ಟ ಕಾರಣವಿದೆ, ಮತ್ತು ಅದನ್ನು ತಿಳಿಯಲು ಶಾಲೆಯಲ್ಲಿ ಕಲಿತ ಕೂಡುವ ಕಳೆಯುವ ಲೆಕ್ಕವೇ ಸಾಕು.

ಗಂಟೆಗೆ 1,200 ಮಂದಿಯನ್ನು ಕೂರಿಸಿಕೊಳ್ಳಬಲ್ಲ ಒಂದು ರೈಡನ್ನು ಊಹಿಸಿಕೊಳ್ಳೋಣ. ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಗಂಟೆಗೆ 1,200 ಮಂದಿಯೇ ಬರುತ್ತಿದ್ದರೆ ಸಾಲು ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ. ಗಂಟೆಗೆ 1,500 ಮಂದಿ ಬಂದರೆ ಪ್ರತಿ ಗಂಟೆಗೆ 300 ಮಂದಿ ಉಳಿಯುತ್ತಾರೆ. ಮಧ್ಯಾಹ್ನ 2ರ ಹೊತ್ತಿಗೆ ಸಾಲಿನಲ್ಲಿ 1,200 ಮಂದಿ ಇರುತ್ತಾರೆ, ಕೊನೆಯವರು ಒಂದು ಗಂಟೆ ಕಾಯುತ್ತಾರೆ. ರಜೆಯ ದಿನ ಬರುವವರ ಸಂಖ್ಯೆ ಶೇಕಡಾ 20ರಷ್ಟು ಹೆಚ್ಚಿ 1,800 ಆಯಿತೆನ್ನಿ. ಆಗ ಪ್ರತಿ ಗಂಟೆಗೆ ಉಳಿಯುವವರು 600, ಮಧ್ಯಾಹ್ನ 2ರ ಹೊತ್ತಿಗೆ ನಿಂತಿರುವವರು 2,400, ಕಾಯಬೇಕಾದದ್ದು ಎರಡು ಗಂಟೆ. ಬಂದವರು ಐದರಲ್ಲಿ ಒಂದು ಪಾಲು ಹೆಚ್ಚಾದರು, ಕಾಯುವಿಕೆ ಎರಡರಷ್ಟಾಯಿತು. ಏಕೆಂದರೆ ಸಾಲು ಬೆಳೆಯುವುದು ಒಟ್ಟು ಬಂದವರಿಂದಲ್ಲ, ರೈಡಿನ ಸಾಮರ್ಥ್ಯವನ್ನು ಮೀರಿ ಬಂದವರಿಂದ. ತೂಬಿನಿಂದ ಹೊರಹೋಗುವಷ್ಟೇ ನೀರು ಹರಿದುಬರುತ್ತಿದ್ದರೆ ಕೆರೆಯ ಮಟ್ಟ ಏರುವುದಿಲ್ಲ. ಅದಕ್ಕಿಂತ ತುಸು ಹೆಚ್ಚು ಬಂದರೂ ಆ ಹೆಚ್ಚಳವೆಲ್ಲ ಕೆರೆಯಲ್ಲೇ ನಿಲ್ಲುತ್ತದೆ.

ನಿಂತ ಸಾಲು ಕರಗುವ ಬಗೆ ಇನ್ನೂ ಕಠಿಣವಾದದ್ದು. ಮಧ್ಯಾಹ್ನ 2ರ ನಂತರ ಬರುವವರು ಗಂಟೆಗೆ 900ಕ್ಕೆ ಇಳಿದರೆ, 1,200 ಮಂದಿಯ ಸಾಲು ಗಂಟೆಗೆ 300ರಂತೆ ಕರಗಿ ಸಂಜೆ ಆರಕ್ಕೆ ಮುಗಿಯುತ್ತದೆ. ರಜೆಯ ದಿನ ಮಧ್ಯಾಹ್ನದ ನಂತರ ಬರುವವರೂ ಶೇಕಡಾ 20ರಷ್ಟು ಹೆಚ್ಚಾಗಿ 1,080 ಆದರೆ, ಸಾಲು ಗಂಟೆಗೆ 120ರಂತೆ ಮಾತ್ರ ಕರಗುತ್ತದೆ, ಮತ್ತು 2,400 ಮಂದಿಯ ಸಾಲು ಮುಗಿಯಲು 20 ಗಂಟೆ ಬೇಕಾಗುತ್ತದೆ. ಪಾರ್ಕು ಮುಚ್ಚುವ ಹೊತ್ತಿನೊಳಗೆ ಅದು ಕರಗುವುದೇ ಇಲ್ಲ. ನಿಜ ಜೀವನದಲ್ಲಿ ಸಾಲಿನ ಉದ್ದ ನೋಡಿ ಹಲವರು ಹಿಂದಿರುಗುವುದರಿಂದ ಲೆಕ್ಕ ಇಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ, ಆದರೆ ಅದರ ದಿಕ್ಕು ಇದೇ. ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಎಂದು ಅನುಭವಿಗಳು ಹೇಳುವ ಮಾತಿನ ಹಿಂದೆಯೂ ಈ ಲೆಕ್ಕವೇ ಇದೆ: ಮೇಲಿನ ರಜಾದಿನದಲ್ಲಿ 11 ಗಂಟೆಗೆ ಸಾಲು ಸೇರಿದವರು ಕಾಯುವುದು ಅರ್ಧ ಗಂಟೆ, ಅದೇ ರೈಡಿಗೆ 2 ಗಂಟೆಗೆ ಸೇರಿದವರು ಕಾಯುವುದು ಅದರ ನಾಲ್ಕು ಪಟ್ಟು.

ಸರತಿ ಸಾಲುಗಳ ಗಣಿತ ಹುಟ್ಟಿದ್ದು ದೂರವಾಣಿ ಕಚೇರಿಯಲ್ಲಿ. ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ ಈ ವಿಷಯದ ಮೊದಲ ಪ್ರಬಂಧವನ್ನು 1909ರಲ್ಲಿ ಪ್ರಕಟಿಸಿದರು. ಅಲ್ಲಿಂದ ಬೆಳೆದ ಶಾಸ್ತ್ರ ಹೇಳುವ ಮುಖ್ಯ ಸಂಗತಿಯೆಂದರೆ, ಸಾಮರ್ಥ್ಯ ಮೀರದಿದ್ದರೂ ಸಾಲು ಬೆಳೆಯಬಹುದು ಎಂಬುದು. ಒಬ್ಬರೇ ಕುಳಿತಿರುವ ಒಂದು ಟಿಕೆಟ್ ಕೌಂಟರಿನಲ್ಲಿ ಪ್ರತಿಯೊಬ್ಬರಿಗೆ ಸರಾಸರಿ ಒಂದು ನಿಮಿಷ ಹಿಡಿಯುತ್ತದೆ, ಆದರೆ ಜನ ಬರುವ ಅಂತರವೂ ಒಬ್ಬೊಬ್ಬರಿಗೆ ಹಿಡಿಯುವ ಹೊತ್ತೂ ಗೊತ್ತುಗುರಿಯಿಲ್ಲದೆ ಏರುಪೇರಾಗುತ್ತಿರುತ್ತವೆ ಎಂದುಕೊಳ್ಳೋಣ. ಕೌಂಟರು ದಿನದ ಅರ್ಧ ಹೊತ್ತು ಮಾತ್ರ ಕೆಲಸದಲ್ಲಿದ್ದರೆ ಸರಾಸರಿ ಕಾಯುವಿಕೆ ಒಂದು ನಿಮಿಷ. ಶೇಕಡಾ 90ರಷ್ಟು ಹೊತ್ತು ಕೆಲಸದಲ್ಲಿದ್ದರೆ ಒಂಬತ್ತು ನಿಮಿಷ. ಶೇಕಡಾ 95 ಆದರೆ ಹತ್ತೊಂಬತ್ತು ನಿಮಿಷ. ಊಟದ ಹೊತ್ತಿನ ತಿಂಡಿ ಅಂಗಡಿಯಲ್ಲಿ ಸಾಲು ಇದ್ದಕ್ಕಿದ್ದಂತೆ ಬೆಳೆಯುವುದು ಹೀಗೆ. ಕೆಲಸದವರು ನಿಧಾನವಾದರು ಎಂದು ನಾವು ದೂರುವ ಎಷ್ಟೋ ಸಂದರ್ಭಗಳಲ್ಲಿ ಅವರು ಎಂದಿನ ವೇಗದಲ್ಲೇ ಕೆಲಸ ಮಾಡುತ್ತಿರುತ್ತಾರೆ.

ಇದಕ್ಕಿಂತಲೂ ಸರಳವಾದ ಇನ್ನೊಂದು ಸೂತ್ರವನ್ನು ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದರು: ಸಾಲಿನಲ್ಲಿರುವ ಸರಾಸರಿ ಜನಸಂಖ್ಯೆಯು ಜನ ಬರುವ ವೇಗ ಮತ್ತು ಸರಾಸರಿ ಕಾಯುವ ಹೊತ್ತಿನ ಗುಣಲಬ್ಧ. ಇದರ ನೆರವಿನಿಂದ ಸಾಲಿನಲ್ಲಿ ನಿಂತವರೇ ತಮ್ಮ ಕಾಯುವಿಕೆಯನ್ನು ಅಂದಾಜು ಮಾಡಿಕೊಳ್ಳಬಹುದು. ಒಂದು ನಿಮಿಷಕ್ಕೆ ಎಷ್ಟು ಮಂದಿ ರೈಡಿಗೆ ಹತ್ತುತ್ತಿದ್ದಾರೆಂದು ಗಮನಿಸಿ, ಮುಂದಿರುವವರ ಸಂಖ್ಯೆಯನ್ನು ಅದರಿಂದ ಭಾಗಿಸಿದರೆ ಉತ್ತರ ನಿಮಿಷಗಳಲ್ಲಿ ಸಿಗುತ್ತದೆ.

ಹಾಗಾದರೆ ಸಾಮರ್ಥ್ಯವನ್ನು ನಿರ್ಧರಿಸುವುದು ಏನು? ರೋಲರ್ ಕೋಸ್ಟರಿನಲ್ಲಿ ಅದು ಒಂದು ಗಾಡಿಯ ಆಸನಗಳು ಮತ್ತು ಎರಡು ಗಾಡಿಗಳು ಹೊರಡುವ ನಡುವಿನ ಅಂತರ. 24 ಆಸನಗಳ ಗಾಡಿ ಪ್ರತಿ 60 ಸೆಕೆಂಡಿಗೆ ಹೊರಟರೆ ಗಂಟೆಗೆ 1,440 ಮಂದಿ ಹೋಗುತ್ತಾರೆ. ಬ್ಯಾಗು ಇಡುವುದು, ಚಪ್ಪಲಿ ಬಿಡುವುದು, ಸುರಕ್ಷತಾ ಪಟ್ಟಿ ಬಿಗಿಯುವುದು ಎಂದು ಅಂತರ 90 ಸೆಕೆಂಡಾದರೆ ಸಾಮರ್ಥ್ಯ 960ಕ್ಕೆ ಕುಸಿಯುತ್ತದೆ. ಪಟ್ಟಿ ಬಿಗಿಯುವುದರಲ್ಲಿ ಅವಸರ ಸಲ್ಲದು. ಬ್ಯಾಗನ್ನು ಮೊದಲೇ ಲಾಕರಿನಲ್ಲಿ ಇಟ್ಟುಬಂದವರು ಮಾತ್ರ ಹಿಂದಿನ ನೂರಾರು ಜನರಿಗೆ ನಿಜವಾದ ಉಪಕಾರ ಮಾಡಿರುತ್ತಾರೆ. ವಿನ್ಯಾಸಕಾರರು ಈ ತೊಡಕನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ 1969ರಲ್ಲಿ ತೆರೆದ ಹಾಂಟೆಡ್ ಮ್ಯಾನ್ಶನ್ ರೈಡಿನ ಆಸನಗಳು ಒಂದೇ ಸರಪಳಿಯಂತೆ ನಿಲ್ಲದೆ ಸಾಗುತ್ತಿರುತ್ತವೆ. ಅದೇ ವೇಗದಲ್ಲಿ ಚಲಿಸುವ ಪಟ್ಟಿಯ ಮೇಲೆ ನಡೆಯುತ್ತಾ ಜನ ಹತ್ತಿಕೊಳ್ಳುತ್ತಾರೆ. ಗಾಡಿ ನಿಂತು ಹೊರಡುವ ಸಮಯವೇ ಅಲ್ಲಿ ವ್ಯರ್ಥವಾಗುವುದಿಲ್ಲ. ಇನ್ನು ಮೂವರ ಕುಟುಂಬ ಬಂದಾಗ ಖಾಲಿ ಉಳಿಯುವ ನಾಲ್ಕನೆಯ ಆಸನಕ್ಕಾಗಿ ಒಬ್ಬೊಬ್ಬರೇ ಕೂರಲು ಒಪ್ಪುವವರ ಪ್ರತ್ಯೇಕ ಸಾಲನ್ನು ಹಲವು ಪಾರ್ಕುಗಳು ಇಟ್ಟಿವೆ. ಇದು ಯಾರಿಗೂ ನಷ್ಟವಿಲ್ಲದೆ ಸಾಮರ್ಥ್ಯ ಹೆಚ್ಚಿಸುವ ಉಪಾಯ.

ಹಣ ಕೊಟ್ಟು ಬೇಗ ಹೋಗುವ ಟಿಕೆಟ್ಟುಗಳ ವಿಷಯ ಹಾಗಲ್ಲ. ಡಿಸ್ನಿ ಪಾರ್ಕುಗಳಲ್ಲಿ 1999ರಲ್ಲಿ ಫಾಸ್ಟ್‌ಪಾಸ್ ಎಂಬ ವ್ಯವಸ್ಥೆ ಬಂತು. ಚೀಟಿಯಲ್ಲಿ ನಮೂದಾದ ಹೊತ್ತಿಗೆ ಮರಳಿದವರು ಹೆಚ್ಚು ಕಾಯದೆ ಒಳಗೆ ಹೋಗಬಹುದಿತ್ತು, ಮತ್ತು ಅದಕ್ಕೆ ಬೇರೆ ಹಣ ಕೊಡಬೇಕಿರಲಿಲ್ಲ. ಫ್ಲಾರಿಡಾದಲ್ಲಿ 2021ರಿಂದ ಆ ಜಾಗಕ್ಕೆ ಹಣ ಪಡೆಯುವ ಲೈಟ್ನಿಂಗ್ ಲೇನ್ ಬಂದಿದೆ. ಉಚಿತವಿರಲಿ, ಹಣದ್ದಿರಲಿ, ಇಂಥ ವ್ಯವಸ್ಥೆ ಒಂದೇ ಒಂದು ಆಸನವನ್ನೂ ಹೊಸದಾಗಿ ಸೃಷ್ಟಿಸುವುದಿಲ್ಲ ಎಂಬುದನ್ನು ಗಮನಿಸಬೇಕು. ಗಂಟೆಗೆ 1,200 ಆಸನಗಳಲ್ಲಿ 840ನ್ನು ವಿಶೇಷ ಟಿಕೆಟ್ಟಿನವರಿಗೆ ಮೀಸಲಿಟ್ಟರೆ ಸಾಮಾನ್ಯ ಸಾಲಿಗೆ ಉಳಿಯುವುದು 360 ಮಾತ್ರ. ಆಗ 360 ಮಂದಿಯ ಸಣ್ಣ ಸಾಲಿಗೂ ಒಂದು ಗಂಟೆ ಹಿಡಿಯುತ್ತದೆ. ಸಾಲು ಗಿಡ್ಡವಾಗಿದೆಯೆಂದು ನಂಬಿ ನಿಂತವರಿಗೆ ಅದು ಏಕೆ ಮುಂದೆ ಸಾಗುತ್ತಿಲ್ಲವೆಂದು ತಿಳಿಯುವುದಿಲ್ಲ. ಅತ್ತ, ಚೀಟಿ ಪಡೆದು ಸಾಲಿನಿಂದ ಮುಕ್ತರಾದವರು ಬೇರೊಂದು ರೈಡಿನ ಸಾಲಿನಲ್ಲೋ ದಾರಿಗಳಲ್ಲೋ ಸೇರಿಕೊಂಡು ಅಲ್ಲಿನ ಒತ್ತಡ ಹೆಚ್ಚಿಸುತ್ತಾರೆ. ವರ್ಷಕ್ಕೊಮ್ಮೆ ಹಣ ಕೂಡಿಟ್ಟು ಮಕ್ಕಳನ್ನು ಕರೆತರುವ ಕುಟುಂಬದ ಸಮಯವನ್ನು ಹೀಗೆ ಇನ್ನೊಬ್ಬರಿಗೆ ಮಾರುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಕನಿಷ್ಠ, ಸಾಮಾನ್ಯ ಸಾಲಿಗೆ ಎಷ್ಟು ಆಸನಗಳು ಮೀಸಲೆಂದು ಪ್ರವೇಶದಲ್ಲೇ ಬರೆದು ಹಾಕುವುದು ಪಾರ್ಕುಗಳ ಕರ್ತವ್ಯವಾಗಬೇಕು.

ಕಾಯುವ ಹೊತ್ತು ಗಡಿಯಾರದಲ್ಲಿ ಒಂದು, ಮನಸ್ಸಿನಲ್ಲಿ ಇನ್ನೊಂದು. ಏನಾದರೂ ಮಾಡುತ್ತಾ ಕಾಯುವುದಕ್ಕಿಂತ ಸುಮ್ಮನೆ ಕಾಯುವುದು, ಎಷ್ಟು ಹೊತ್ತೆಂದು ತಿಳಿದಿರುವುದಕ್ಕಿಂತ ತಿಳಿಯದೆ ಕಾಯುವುದು, ನ್ಯಾಯವಾದ ಸಾಲಿಗಿಂತ ಅನ್ಯಾಯದ ಸಾಲು ದೀರ್ಘವೆನಿಸುತ್ತದೆ ಎಂದು ನಿರ್ವಹಣಾ ತಜ್ಞ ಡೇವಿಡ್ ಮೈಸ್ಟರ್ 1985ರಲ್ಲಿ ವಿವರಿಸಿದರು. ಮ್ಯಾಜಿಕ್ ಕಿಂಗ್‌ಡಮ್ಮಿನ ಡಂಬೊ ಎಂಬ ಹಾರುವ ಆನೆಗಳ ರೈಡಿನಲ್ಲಿ 2012ರಲ್ಲಿ ಎರಡು ಬಗೆಯ ಪರಿಹಾರಗಳೂ ಒಟ್ಟಿಗೆ ಬಂದವು. 16 ಆನೆಗಳ ಒಂದು ತಿರುಗಣೆಯ ಬದಲು ಎರಡು ತಿರುಗಣೆಗಳನ್ನು ನಿಲ್ಲಿಸಿ ಸಾಮರ್ಥ್ಯವನ್ನು ದ್ವಿಗುಣಗೊಳಿಸಿದರು. ಜೊತೆಗೆ ಸರ್ಕಸ್ ಡೇರೆಯೊಳಗೆ ಮಕ್ಕಳು ಆಡಿಕೊಂಡಿರಲು ಜಾಗ ಮಾಡಿ, ಸರದಿ ಬಂದಾಗ ತಿಳಿಸುವ ಪೇಜರನ್ನು ಹೆತ್ತವರ ಕೈಗೆ ಕೊಟ್ಟರು. ಪುಟ್ಟ ಮಗುವನ್ನು ಬಿಸಿಲಿನಲ್ಲಿ ಎತ್ತಿಕೊಂಡು ನಿಲ್ಲುವ ಕಷ್ಟ ಬಲ್ಲವರಿಗೆ ಇದು ಎಷ್ಟು ದೊಡ್ಡ ಸುಧಾರಣೆಯೆಂದು ವಿವರಿಸಬೇಕಿಲ್ಲ.

ಸಾಲಿನಾಚೆಯ ದಾರಿಗಳಿಗೂ ಒಂದು ಮಿತಿ ಇದೆ, ಮತ್ತು ಅಲ್ಲಿ ಪ್ರಶ್ನೆ ಬೇಸರದ್ದಲ್ಲ, ಪ್ರಾಣದ್ದು. ಸ್ವಿಟ್ಜರ್ಲೆಂಡಿನ ಉಲ್ರಿಚ್ ವೈಡ್‌ಮನ್ 1993ರಲ್ಲಿ ಕ್ರೋಡೀಕರಿಸಿದ ಅಂಕಿಅಂಶಗಳ ಪ್ರಕಾರ, ತೆರವಾದ ದಾರಿಯಲ್ಲಿ ಮನುಷ್ಯರು ಸೆಕೆಂಡಿಗೆ ಸರಾಸರಿ 1.34 ಮೀಟರ್ ನಡೆಯುತ್ತಾರೆ; ಒಂದು ಚದರ ಮೀಟರಿನಲ್ಲಿ ಎರಡಕ್ಕಿಂತ ತುಸು ಕಡಿಮೆ ಮಂದಿ ಇರುವಾಗ ಜನರ ಹರಿವು ಗರಿಷ್ಠ ಮಟ್ಟದಲ್ಲಿರುತ್ತದೆ; ಸಾಂದ್ರತೆ ಅದನ್ನು ದಾಟಿದರೆ ಜನ ಹೆಚ್ಚಿದಷ್ಟೂ ಹರಿವು ಕುಗ್ಗುತ್ತಾ ಹೋಗಿ, ಐದು ದಾಟಿದ ಮೇಲೆ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಏಳರ ಆಸುಪಾಸಿನಲ್ಲಿ ಗುಂಪು ದ್ರವದಂತೆ ವರ್ತಿಸುತ್ತದೆ, ಯಾರಿಗೂ ತಮ್ಮ ಹೆಜ್ಜೆಯ ಮೇಲೆ ಹಿಡಿತ ಇರುವುದಿಲ್ಲ ಎಂದು ಪಾದಚಾರಿ ಸಂಚಾರದ ತಜ್ಞ ಜಾನ್ ಫ್ರೂಯಿನ್ ಎಚ್ಚರಿಸಿದ್ದರು. ಮೆರವಣಿಗೆ ಮತ್ತು ಪಟಾಕಿ ಪ್ರದರ್ಶನದ ನಂತರ ಎಲ್ಲರೂ ಒಂದೇ ದಾರಿಯಲ್ಲಿ ಹೊರಡುವಾಗ ಸಿಬ್ಬಂದಿ ಹಗ್ಗ ಕಟ್ಟಿ ಏಕಮುಖ ಸಂಚಾರಕ್ಕೆ ಒತ್ತಾಯಿಸುವುದು ಇದಕ್ಕಾಗಿಯೇ. ಅತಿ ದಟ್ಟಣೆಯ ರಜಾದಿನಗಳಲ್ಲಿ ಮ್ಯಾಜಿಕ್ ಕಿಂಗ್‌ಡಮ್ ಹೊಸಬರಿಗೆ ಬಾಗಿಲು ಮುಚ್ಚಿದ್ದೂ ಉಂಟು.

ಬೆಂಗಳೂರು–ಮೈಸೂರು ರಸ್ತೆಯ ಬಿಡದಿಯಲ್ಲಿ 2005ರಿಂದ ಇರುವ ವಂಡರ್‌ಲಾಕ್ಕೂ ಇದೇ ಗಣಿತ ಅನ್ವಯಿಸುತ್ತದೆ, ಆದರೆ ನಮ್ಮಲ್ಲಿ ಜನ ಬರುವ ರೀತಿ ಬೇರೆ. ದಸರಾ, ಕ್ರಿಸ್‌ಮಸ್ ಮತ್ತು ಬೇಸಿಗೆ ರಜೆಗಳ ಜೊತೆಗೆ ಡಿಸೆಂಬರ್–ಜನವರಿಯ ಶಾಲಾ ಪ್ರವಾಸಗಳ ಕಾಲವೂ ಇಲ್ಲಿ ಸೇರುತ್ತದೆ. ನಾಲ್ಕು ಬಸ್ಸುಗಳಲ್ಲಿ ಬಂದ 200 ಮಕ್ಕಳು ಒಟ್ಟಿಗೆ ಒಂದೇ ರೈಡಿನತ್ತ ನಡೆದರೆ, ಗಂಟೆಗೆ 600 ಮಂದಿಯನ್ನು ಹೊರುವ ರೈಡಿನಲ್ಲಿ ಕ್ಷಣಮಾತ್ರದಲ್ಲಿ 20 ನಿಮಿಷದ ಸಾಲು ಹುಟ್ಟುತ್ತದೆ. ಅದೇ ಮಕ್ಕಳನ್ನು 50ರ ನಾಲ್ಕು ತಂಡಗಳಾಗಿ ನಾಲ್ಕು ರೈಡುಗಳಿಗೆ ಕಳುಹಿಸಿ, ನಂತರ ಅದಲುಬದಲು ಮಾಡಿದರೆ, ಅಷ್ಟೇ ಸಾಮರ್ಥ್ಯದ ಪ್ರತಿ ರೈಡಿನಲ್ಲೂ ಹೆಚ್ಚುವ ಕಾಯುವಿಕೆ ಐದೇ ನಿಮಿಷ. ಪ್ರವಾಸ ಕರೆದೊಯ್ಯುವ ಮೇಷ್ಟ್ರುಗಳು ಬಸ್ಸಿನಲ್ಲೇ ಈ ವಿಂಗಡಣೆ ಮುಗಿಸಿಕೊಂಡರೆ, ಊಟದ ಸರದಿಯನ್ನೂ ತಂಡದಿಂದ ತಂಡಕ್ಕೆ ಅರ್ಧ ಗಂಟೆ ಹಿಂದುಮುಂದಾಗಿಸಿದರೆ, ಅವರ ಮಕ್ಕಳ ಜೊತೆಗೆ ಅಲ್ಲಿ ನಿಂತಿರುವ ಇತರರ ಸಮಯವೂ ಉಳಿಯುತ್ತದೆ.