ಆಗಸ್ಟ್ ಬಂದರೆ ಕೆಡುವ ಸ್ಕ್ರಿಪ್ಟು

ಜುಲೈ ಮುಗಿಯುವವರೆಗೆ ಚೆನ್ನಾಗಿ ಓಡುತ್ತಿದ್ದ ಬ್ಯಾಕಪ್ ಸ್ಕ್ರಿಪ್ಟು ಆಗಸ್ಟ್ 1ರ ರಾತ್ರಿ ನಿಂತುಹೋಯಿತು. ನಾನೇ ಬರೆದದ್ದು, ಬೈಯೋಣ ಅಂದರೆ ಬೇರೆ ಯಾರೂ ಇಲ್ಲ. ತಿಂಗಳ ಅಂಕಿ ತೆಗೆದುಕೊಂಡು ಅದರಲ್ಲಿ ಒಂದು ಕಳೆಯಬೇಕು, ಅಷ್ಟೇ ಲೆಕ್ಕ. 01ರಿಂದ 07ರವರೆಗೆ ತೊಂದರೆ ಇರಲಿಲ್ಲ, 08 ಬಂದ ಕೂಡಲೇ ಸ್ಕ್ರಿಪ್ಟನ್ನು ಓದಿ ಓಡಿಸುವ ಬ್ಯಾಷ್ ತಕರಾರು ತೆಗೆಯಿತು. ಸುಮ್ನೆ ಬಿಟ್ಟಿದ್ದರೆ ಅಕ್ಟೋಬರ್‌ನಲ್ಲಿ ತಾನಾಗಿಯೇ ಸರಿಹೋಗುತ್ತಿತ್ತು, ಏಕೆಂದರೆ 10 ಸೊನ್ನೆಯಿಂದ ಶುರುವಾಗುವುದಿಲ್ಲ!

ಸಂಖ್ಯೆ ಸೊನ್ನೆಯಿಂದ ಶುರುವಾದರೆ ಅದು ಆಕ್ಟಲ್, ಅಂದರೆ ಹತ್ತರ ಬದಲು ಎಂಟರ ಲೆಕ್ಕ, ಅನ್ನೋದು ಸಿ ಭಾಷೆಯ ಹಳೇ ರೂಢಿ, ಬ್ಯಾಷ್ ಕೂಡ ಹಾಗೇ ಓದುತ್ತದೆ. ಆಕ್ಟಲ್‌ನಲ್ಲಿ 0ರಿಂದ 7ರವರೆಗೆ ಎಂಟೇ ಅಂಕಿ. 8 ಅಲ್ಲಿ ಇಲ್ಲವೇ ಇಲ್ಲ. ತಿಂಗಳಿನ ಮುಂದೆ 10# ಸೇರಿಸಿ ‘ಇದು ಹತ್ತರ ಲೆಕ್ಕ’ ಎಂದು ಹೇಳಿದೆ, ಸರಿಹೋಯಿತು. ತಕರಾರು ಮಾಡಿದ್ದೇ ಒಳ್ಳೆಯದಾಯಿತು ಅನ್ನಿ. 010 ಕೊಟ್ಟರೆ ಅದು ಸದ್ದಿಲ್ಲದೆ 8 ಎಂದುಕೊಳ್ಳುತ್ತದೆ, ನಿಜವಾದ ತಲೆನೋವು ಅದು.

ಈ ಎಂಟರ ಲೆಕ್ಕ ಯಾಕೆ ಬಂತು? 1969ರಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಶುರುವಾದ ಪಿಡಿಪಿ-7 ಯಂತ್ರದಲ್ಲಿ ಒಂದು ವರ್ಡ್ (ಯಂತ್ರ ಒಂದೇ ಸಲಕ್ಕೆ ಹಿಡಿಯುವ ತುಂಡು) ಅಂದರೆ 18 ಬಿಟ್, ಒಂದೊಂದು ಬಿಟ್ 0 ಅಥವಾ 1. ಮೂರು ಬಿಟ್‌ಗೆ ಒಂದು ಆಕ್ಟಲ್ ಅಂಕಿ, ಹಾಗಾಗಿ ಸರಿಯಾಗಿ ಆರು ಅಂಕಿಯಲ್ಲಿ ಮುಗಿಯುತ್ತದೆ. ಫೈಲಿನ ಅನುಮತಿಗೆ ನಾವು ಇವತ್ತಿಗೂ ಹಾಕುವ 755 ಇದೇ ಲೆಕ್ಕ: ಓದಲು 4, ಬರೆಯಲು 2, ಓಡಿಸಲು 1.

ಶಾಲೆಯಲ್ಲಿ ಅಂಕಿಗಳನ್ನೆಲ್ಲ ಕೂಡಿ 9ರಿಂದ ಭಾಗವಾಗುತ್ತದಾ ಎಂದು ನೋಡುತ್ತಿದ್ದೆವು, ನೆನಪಿದೆಯಾ? ಆಕ್ಟಲ್‌ನಲ್ಲಿ ಆ ಜಾಗ 7ರದ್ದು. ಇಲ್ಲಿ ಸ್ಥಾನಗಳು ಬಿಡಿ, ಎಂಟು, ಅರವತ್ತನಾಲ್ಕು. ಎಂಟರ ಒಂದೊಂದು ಗುಡ್ಡೆಯಿಂದ 7 ತೆಗೆದರೆ 1 ಉಳಿಯುತ್ತದೆ, 64ರ ಗುಡ್ಡೆಯಿಂದ 63 ತೆಗೆದರೂ ಉಳಿಯೋದು 1. ಮುಂದಕ್ಕೂ ಹಾಗೇ. 2024 ಆಕ್ಟಲ್‌ನಲ್ಲಿ 3750, ಅಂಕಿಗಳ ಮೊತ್ತ 15, ಅದರಲ್ಲಿ 14 ಹೋದರೆ 1. 2024ನ್ನು 7ರಿಂದ ಭಾಗಿಸಿದರೂ ಶೇಷ 1. ಕೊನೆಗೆ ಸೊನ್ನೆ ಇದೆಯಲ್ವಾ, ಹಾಗಾಗಿ 8ರಿಂದ ಭಾಗವಾಗುತ್ತದೆ ಅನ್ನೋದು ನೋಡಿದ ಕೂಡಲೇ ಗೊತ್ತು. ಆದರೆ ನಮಗೆ ಅಷ್ಟು ಸುಲಭವಾದ 5 ಇಲ್ಲಿ ಕಷ್ಟ, ಕೊನೆಯ ಅಂಕಿ ನೋಡಿ ಏನೂ ಹೇಳಲಾಗುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು ಬೆಸಸಂಖ್ಯೆಗಳ ವರ್ಗ. 9, 25, 49, 81 ಇವನ್ನು ಆಕ್ಟಲ್‌ನಲ್ಲಿ ಬರೆದರೆ 11, 31, 61, 121. ಎಲ್ಲದರ ಕೊನೆಯಲ್ಲೂ 1! ಬೆಸಸಂಖ್ಯೆಯಿಂದ ಒಂದು ಕಳೆದರೆ, ಒಂದು ಕೂಡಿದರೆ ಸಿಗೋದು ಅಕ್ಕಪಕ್ಕದ ಎರಡು ಸಮಸಂಖ್ಯೆ, ಅದರಲ್ಲಿ ಒಂದು ಖಂಡಿತ 4ರಿಂದ ಭಾಗವಾಗುತ್ತದೆ, ಹಾಗಾಗಿ ಎರಡರ ಗುಣಲಬ್ಧ 8ರಿಂದ ಭಾಗವಾಗಲೇಬೇಕು, ಮತ್ತು ಆ ಗುಣಲಬ್ಧಕ್ಕೆ 1 ಸೇರಿಸಿದರೆ ಬರೋದೇ ವರ್ಗ. ಈಗ ಕೊನೆಯ 1 ಅಳಿಸಿ: 1, 3, 6, 12. ಈ 12 ಅಂದರೆ ನಮ್ಮ 10. ಗೋಲಿಗಳನ್ನು ತ್ರಿಕೋನವಾಗಿ ಜೋಡಿಸುತ್ತಾ ಹೋದರೆ ಬರುವ ಲೆಕ್ಕವೇ ಇದು. 15ರ ವರ್ಗ 225, ಆಕ್ಟಲ್‌ನಲ್ಲಿ 341, ಕೊನೆಯ 1 ಅಳಿಸಿದರೆ 34, ಅಂದರೆ ನಮ್ಮ 28. 1ರಿಂದ 7ರವರೆಗೆ ಕೂಡಿ ನೋಡಿ.