ಇಬ್ಬರಿಗೆ ಒಂದೇ ಸ್ಕ್ರೀನ್: ‘ಕಾಂಟ್ರಾ’ವನ್ನು ಓದಿಕೊಳ್ಳುವ ಬಗೆ

ಗೇಮ್ ಡಿಸೈನ್ ಓದುವವರು ರನ್ ಅಂಡ್ ಗನ್ (ಓಡುತ್ತಲೇ ಗುಂಡು ಹಾರಿಸುವ) ಆಟಗಳಿಗೆ ಬಂದಾಗ ಸಾಮಾನ್ಯವಾಗಿ ಮೊದಲು ಗನ್‌ಗಳ ಪಟ್ಟಿ ಮಾಡುತ್ತಾರೆ, ಆಮೇಲೆ ಬಾಸ್‌ಗಳ (ಸ್ಟೇಜಿನ ಕೊನೆಯ ದೊಡ್ಡ ಶತ್ರುಗಳ) ಪಟ್ಟಿ. ಅವು ಕಾಯಲಿ. ಮೊದಲು ಕ್ಯಾಮೆರಾ ನೋಡಿ, ಅಂದರೆ ಆಟದ ಯಾವ ಭಾಗ ಸ್ಕ್ರೀನಿನಲ್ಲಿ ಕಾಣುತ್ತದೆ ಎಂಬುದನ್ನು. ಓಡುವವರು ಇಬ್ಬರು, ಸ್ಕ್ರೀನ್ ಒಂದೇ. ಅದು ಯಾರ ಹಿಂದೆ ಹೋಗಬೇಕು? ಈ ಆಟಗಳು ಇನ್ನೂ ಹಳತಾಗದೆ ಉಳಿದಿರುವುದಕ್ಕೆ ಮುಖ್ಯ ಕಾರಣ ಈ ಇಕ್ಕಟ್ಟೇ ಎಂದು ನನ್ನ ಅನಿಸಿಕೆ.

ಕೊನಾಮಿ ಕಂಪನಿಯ ‘ಕಾಂಟ್ರಾ’ 1987ರಲ್ಲಿ ಆರ್ಕೇಡ್‌ಗೆ (ನಾಣ್ಯ ಹಾಕಿ ಆಡುವ ಯಂತ್ರಕ್ಕೆ) ಬಂತು, 1988ರಲ್ಲಿ ನಿಂಟೆಂಡೊದ ಮನೆಯ ಯಂತ್ರಗಳಾದ ಫ್ಯಾಮಿಕಾಮ್ ಮತ್ತು ಎನ್ಇಎಸ್‌ಗೆ. ನಮ್ಮ ಕಡೆ 90ರ ದಶಕದಲ್ಲಿ ಟಿವಿಗೆ ಸಿಕ್ಕಿಸಿ ಆಡುತ್ತಿದ್ದದ್ದು ಹೆಚ್ಚಾಗಿ ಫ್ಯಾಮಿಕಾಮ್‌ನ ನಕಲು ಯಂತ್ರಗಳಲ್ಲಿ. (ಕ್ಯಾಸೆಟ್ ಮೇಲೆ ‘9999 ಇನ್ 1’ ಅಂತ ಇರುತ್ತಿತ್ತು, ಒಳಗೆ ಅವೇ ಬೆರಳೆಣಿಕೆಯ ಆಟಗಳು ಬೇರೆ ಬೇರೆ ಹೆಸರಿನಲ್ಲಿ.) ಹಾಗಾಗಿ ಈ ಟಿಪ್ಪಣಿಯೂ ಮನೆಯ ಆವೃತ್ತಿಯದ್ದೇ.

ನಿಯಮ ಸರಳ. ಆಡುವವರ ಪಾತ್ರಗಳು ಎರಡು: ನೀಲಿ ಪ್ಯಾಂಟಿನ ಬಿಲ್, ಕೆಂಪು ಪ್ಯಾಂಟಿನ ಲ್ಯಾನ್ಸ್. ಒಂದು ಗುಂಡು ತಗಲಿದರೂ ಸಾವು, ಉಳಿದ ಜೀವ ತೋರಿಸುವ ಹೆಲ್ತ್ ಬಾರ್ ಎಂಬುದೇ ಇಲ್ಲ. ಆದರೆ ಒಬ್ಬರ ಗುಂಡು ಇನ್ನೊಬ್ಬರಿಗೆ ತಾಗುವುದಿಲ್ಲ. ಬೇಕೆಂದು ಗೆಳೆಯನನ್ನು ಹೊಡೆಯಲು ಬಾರದು ಅಂದಮೇಲೆ ಜಗಳಕ್ಕೆ ಜಾಗವೆಲ್ಲಿ? ಅಲ್ಲೇ ಇರುವುದು ಮಜಾ.

ಮೊದಲ ಸ್ಟೇಜ್, ಕಾಡು. ಸ್ಕ್ರೀನ್ ಬಲಕ್ಕೆ ಸರಿಯುತ್ತದೆ. ಹಿಂದುಳಿದವನು ಎಡ ಅಂಚಿಗೆ ಅಂಟಿಕೊಂಡು ನಿಂತರೆ ಸ್ಕ್ರೀನ್ ಮುಂದಕ್ಕೆ ಹೋಗುವುದಿಲ್ಲ, ಮುಂದಿದ್ದವನು ಗುಂಡಿನ ನಡುವೆ ಕಾಯಬೇಕು. ಇಲ್ಲಿ ಅಧಿಕಾರ ನಿಧಾನದವನ ಕೈಯಲ್ಲಿ.

ಮೂರನೇ ಸ್ಟೇಜ್, ಜಲಪಾತ. ಇದನ್ನು ಒಮ್ಮೆ ಆಡಿ, ಇನ್ನೊಮ್ಮೆ ಆಡದೆ ಪಕ್ಕದಲ್ಲಿ ಕೂತು ನೋಡಿ. ಈಗ ಸ್ಕ್ರೀನ್ ಮೇಲಕ್ಕೆ ಸರಿಯುತ್ತದೆ, ಕೆಳಗಿಳಿಯುವುದೇ ಇಲ್ಲ. ಮೇಲಿನವನು ಇನ್ನೊಂದು ಬಂಡೆಗೆ ಜಿಗಿದನೋ, ಕೆಳಗಿನವನ ಬಂಡೆ ಸ್ಕ್ರೀನಿನಿಂದ ಆಚೆ ಹೋಯಿತು, ಅವನೂ ಹೋದ. ಶತ್ರು ಹೊಡೆದದ್ದಲ್ಲ, ಗೆಳೆಯನ ಅವಸರ ಕೊಂದದ್ದು. ಈಗ ಅಧಿಕಾರವೆಲ್ಲ ವೇಗದವನದು. ಅಷ್ಟು ಹೊತ್ತು ಸುಮ್ಮನಿದ್ದವರು ‘ತಡಿಯೋ, ತಡಿ, ನಾನ್ ಬರ್ಲಿ’ ಅನ್ನಲು ಶುರುಮಾಡುವುದು ಇಲ್ಲೇ. ಕ್ಯಾಮೆರಾದ ದಿಕ್ಕು ಬದಲಾದದ್ದಷ್ಟೇ, ಇಬ್ಬರ ಸಂಬಂಧವೇ ತಿರುಗುಮುರುಗಾಯಿತು. ಹೊಸ ಬಟನ್ ಇಲ್ಲ, ಹೊಸ ಪಾಠ ಹೇಳಿಕೊಡುವ ಫಲಕವೂ ಇಲ್ಲ. ಇಡೀ ಆಟದಲ್ಲಿ ನನಗೆ ಇದಕ್ಕಿಂತ ಜಾಣತನದ ಜಾಗ ಕಾಣಿಸಿಲ್ಲ.

ಎರಡನೇ ಜಗಳ ‘ಎಸ್’ ಗನ್ನಿನದು. ಸ್ಪ್ರೆಡ್, ಅಂದರೆ ಐದು ಗುಂಡು ಬೀಸಣಿಗೆಯಂತೆ ಹರಡುವ ಬಂದೂಕು. ಹಾರಿಬರುವ ಡಬ್ಬಿ ಒಡೆದರೆ ಬೀಳುವುದು ಒಂದೇ ‘ಎಸ್’. ಸತ್ತರೆ ಅದೂ ಹೋಗಿ ಮತ್ತೆ ಸಾದಾ ಬಂದೂಕು. ಯಾರು ತೆಗೆದುಕೊಳ್ಳಬೇಕು? ಚೆನ್ನಾಗಿ ಆಡುವವನೋ, ಪದೇ ಪದೇ ಸಾಯುವವನೋ? ಆಟ ಉತ್ತರ ಕೊಡುವುದಿಲ್ಲ, ಸೋಫಾದ ಮೇಲೆ ತೀರ್ಮಾನವಾಗಬೇಕು. ಇದರ ಜೊತೆಗೆ, ಒಬ್ಬನ ಲೈಫ್ ಮುಗಿದರೆ ಇನ್ನೊಬ್ಬನ ಖಾತೆಯಿಂದ ಒಂದನ್ನು ತೆಗೆದುಕೊಂಡು ಮರಳಬಹುದು. ಕೇಳಿ ತೆಗೆದುಕೊಂಡರೆ ಸಾಲ, ಕೇಳದಿದ್ದರೆ ಕಳವು.

ಮೇಲೆ ಮೇಲೆ ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ: ಬಟನ್‌ಗಳನ್ನು ಈ ಕ್ರಮದಲ್ಲಿ ಒತ್ತುವ ಪ್ರಸಿದ್ಧ ಗುಟ್ಟಿನ ಕೋಡ್ 30 ಲೈಫ್ ಕೊಡುತ್ತದೆ. ಇದು ‘ಕಾಂಟ್ರಾ’ದ ಸ್ವಂತದ್ದಲ್ಲ, ಕೊನಾಮಿಯ ಕಜುಹಿಸಾ ಹಶಿಮೊಟೊ ‘ಗ್ರೇಡಿಯಸ್’ ಆಟವನ್ನು 1986ರಲ್ಲಿ ಫ್ಯಾಮಿಕಾಮ್‌ಗೆ ತರುವಾಗ, ಪರೀಕ್ಷಿಸಲು ಸುಲಭವಾಗಲೆಂದು ಇಟ್ಟುಕೊಂಡದ್ದು. ಕೋಡ್ ಹಾಕಿದರೆ ಆಟ ಕೆಡುತ್ತದೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಕಲಿಯುವ ಇಬ್ಬರಿಗೆ ಕೊನೆಯವರೆಗೂ ಜೊತೆಗಿರುವ ಅವಕಾಶ ಕೊಟ್ಟದ್ದು ಅದೇ.

1996ರ ‘ಮೆಟಲ್ ಸ್ಲಗ್’ ಬಗ್ಗೆ ಚುಟುಕಾಗಿ. ನಜ್ಕಾ ಸಂಸ್ಥೆ ನಿಯೋ ಜಿಯೋ ಯಂತ್ರಕ್ಕೆ ಮಾಡಿದ ಆಟ. ಅದರ ಚಿತ್ರಗಳ ಸೊಗಸನ್ನು ಎಲ್ಲರೂ ಹೊಗಳುತ್ತಾರೆ, ಸರಿಯೇ. ಡಿಸೈನ್ ದೃಷ್ಟಿಯಿಂದ ನೋಡಬೇಕಾದ್ದು ಟ್ಯಾಂಕ್: ಒಬ್ಬನಿಗೆ ಮಾತ್ರ ಜಾಗ. ಗಡ್ಡದ ಕೈದಿಯ ಕಟ್ಟು ಬಿಚ್ಚಿದರೆ ಅವನು ಕೊಡುವ ಆಯುಧವೂ ಒಂದೇ. ‘ಎಸ್’ ಗನ್ನಿನ ಜಗಳವೇ ಇಲ್ಲಿ ವೇಷ ಬದಲಿಸಿ ಬಂದಿದೆ. ವ್ಯತ್ಯಾಸವೆಂದರೆ ಅದು ನಾಣ್ಯ ಹಾಕಿ ಆಡುವ ಯಂತ್ರ. ಸಾವು ಹೆಚ್ಚಾದಷ್ಟೂ ಜೇಬು ಖಾಲಿ.

2017ರ ‘ಕಪ್‌ಹೆಡ್’ ಅನ್ನೂ ಇದೇ ಸಾಲಿನಲ್ಲಿ ಇಟ್ಟು ಓದಿ. ಅಲ್ಲಿ ಸತ್ತವನ ಆತ್ಮ ಮೆಲ್ಲಗೆ ಮೇಲಕ್ಕೆ ತೇಲುತ್ತದೆ. ಅದು ಸ್ಕ್ರೀನ್ ದಾಟುವುದರೊಳಗೆ ಜೊತೆಗಾರ ಜಿಗಿದು ತಟ್ಟಿದರೆ ಒಂದೇ ಪೆಟ್ಟಿನಷ್ಟು ಜೀವದೊಂದಿಗೆ ಅವನು ಮರಳುತ್ತಾನೆ. ‘ಕಾಂಟ್ರಾ’ದಲ್ಲಿ ಸತ್ತವನೇ ಬಂದು ಲೈಫ್ ಕಿತ್ತುಕೊಳ್ಳುತ್ತಿದ್ದ, ಇಲ್ಲಿ ಬದುಕಿರುವವನು ಬಾಸ್ ಕಡೆಯಿಂದ ಕಣ್ಣು ತೆಗೆದು ಅವನನ್ನು ಹಿಡಿಯಲು ಹೋಗಬೇಕು, ಹೋಗಿ ತಾನೂ ಸಾಯುವುದು ಸಾಮಾನ್ಯ.