ಸಿಟೀಸ್: ಸ್ಕೈಲೈನ್ಸ್ 2 – ಅಭಿಮಾನಿಗಳು ಮುನಿಸಿಕೊಂಡದ್ದೇಕೆ?

2025ರ ನವೆಂಬರ್‌ನಲ್ಲಿ ಸ್ವೀಡನ್ನಿನ ಪ್ರಕಾಶಕ ಸಂಸ್ಥೆ ಪ್ಯಾರಡಾಕ್ಸ್ ಇಂಟರ್‌ಆ್ಯಕ್ಟಿವ್ ಮತ್ತು ಆಟ ತಯಾರಿಸುವ, ಫಿನ್ಲೆಂಡಿನ ತಾಂಪೆರೆ ನಗರದ ಕೊಲಾಸಲ್ ಆರ್ಡರ್ ತಾವಿಬ್ಬರೂ ಬೇರೆಯಾಗುವುದಾಗಿ ತಿಳಿಸಿದವು. ಊರು ಕಟ್ಟುವ ಕಂಪ್ಯೂಟರ್ ಆಟವಾದ ‘ಸಿಟೀಸ್: ಸ್ಕೈಲೈನ್ಸ್’ ಸರಣಿಯ ಕೆಲಸವನ್ನು 2026ರ ಆರಂಭದಿಂದ ಅದೇ ತಾಂಪೆರೆ ನಗರದ ಐಸ್‌ಫ್ಲೇಕ್ ಸ್ಟುಡಿಯೋಸ್‌ಗೆ ಒಪ್ಪಿಸಲಾಯಿತು. ಆಟವನ್ನು ಹುಟ್ಟಿಸಿ ಬೆಳೆಸಿದ ತಂಡದ ಕೈಯಿಂದಲೇ ಅದು ಜಾರಿಹೋಯಿತು. ಇಲ್ಲಿಯವರೆಗೆ ಬಂದದ್ದು ಹೇಗೆ ಎಂದು ಕೇಳಿದರೆ ಒಬ್ಬೊಬ್ಬರೂ ಒಂದೊಂದು ಕಾರಣ ಹೇಳುತ್ತಾರೆ. ಕೆಲವರಿಗೆ ಅದು ಗ್ರಾಫಿಕ್ಸ್ ಕಾರ್ಡ್‌ನ ಸಮಸ್ಯೆ, ಕೆಲವರಿಗೆ ಮಾಡ್‌ಗಳದ್ದು (ಆಟಗಾರರೇ ಬರೆದು ಸೇರಿಸುವ ಮಾರ್ಪಾಡುಗಳು), ಇನ್ನು ಕೆಲವರಿಗೆ ಒಂದು ಡಿಎಲ್‌ಸಿಯ (ಆಟಕ್ಕೆ ಬೇರೆಯಾಗಿ ಮಾರುವ ಹೆಚ್ಚುವರಿ ಭಾಗ) ಬೆಲೆಯದ್ದು. ಇವೆಲ್ಲ ಒಂದರ ಮೇಲೊಂದು ಬಂದು ಬಿದ್ದವು.

1989ರಲ್ಲಿ ವಿಲ್ ರೈಟ್ ರೂಪಿಸಿದ ‘ಸಿಮ್‌ಸಿಟಿ’ಯಿಂದ 2003ರ ‘ಸಿಮ್‌ಸಿಟಿ 4’ರವರೆಗೆ ಊರು ಕಟ್ಟುವ ಆಟವೆಂದರೆ ಆ ಹೆಸರೊಂದೇ. 2013ರ ಮಾರ್ಚ್‌ನಲ್ಲಿ ಬಂದ ಹೊಸ ‘ಸಿಮ್‌ಸಿಟಿ’ ಆ ಭದ್ರ ಜಾಗವನ್ನು ಕಳೆದುಕೊಂಡಿತು. ಒಬ್ಬರೇ ಆಡಲೂ ಇಂಟರ್ನೆಟ್ ಬೇಕಿತ್ತು, ಮೊದಲ ದಿನಗಳಲ್ಲಿ ಸರ್ವರ್‌ಗಳು ಕುಸಿದವು. ಒಂದು ಊರಿಗೆ ಸಿಕ್ಕ ಜಾಗ ಸುಮಾರು 2 ಕಿ.ಮೀ. ಉದ್ದ, 2 ಕಿ.ಮೀ. ಅಗಲ ಮಾತ್ರ. ಅದಕ್ಕಿಂತ ನೋವಾದದ್ದು ಒಳಗಿನ ಲೆಕ್ಕ ಬಯಲಾದಾಗ. ಕೆಲಸ ಮುಗಿಸಿ ಹೊರಟ ನಾಗರಿಕ ತನ್ನ ಮನೆಗೆ ಹೋಗುತ್ತಿರಲಿಲ್ಲ, ಹತ್ತಿರದ ಖಾಲಿ ಮನೆಯನ್ನು ಹೊಕ್ಕುತ್ತಿದ್ದ. ಪರದೆಯ ಮೇಲಿನ ಜನಸಂಖ್ಯೆಯೂ ನಿಜವಾಗಿ ಓಡಾಡುವವರ ಲೆಕ್ಕಕ್ಕಿಂತ ಹೆಚ್ಚಿರುತ್ತಿತ್ತು. ಇಂಟರ್ನೆಟ್ ಇಲ್ಲದೆ ಆಡುವ ವ್ಯವಸ್ಥೆ ಬರಲು ಒಂದು ವರ್ಷ ಹಿಡಿಯಿತು.

2015ರ ಮಾರ್ಚ್ 10ರಂದು ಬಂದ ಮೊದಲ ‘ಸ್ಕೈಲೈನ್ಸ್’ ಈ ಬೇಸರಕ್ಕೆ ಉತ್ತರವಾಗಿತ್ತು. ಅದರ ಆರಂಭದ ಟೈಲ್ (ನಕ್ಷೆಯ ಒಂದು ತುಂಡು ಜಾಗ) ಒಂದೇ 1.92 ಕಿ.ಮೀ. ಚೌಕ, ಅಂದರೆ ಹೆಚ್ಚುಕಡಿಮೆ ಸಿಮ್‌ಸಿಟಿಯ ಇಡೀ ಊರಿನಷ್ಟು. ಅಂಥ 9 ಟೈಲ್ ಕೊಳ್ಳಬಹುದಿತ್ತು, ಮಾಡ್ ಹಾಕಿಕೊಂಡರೆ 81. ಆಟ ಮಾರುವ ಸ್ಟೀಮ್ ತಾಣದಲ್ಲಿ ಮಾಡ್ ಹಂಚಿಕೊಳ್ಳುವ ಸ್ಟೀಮ್ ವರ್ಕ್‌ಶಾಪ್ ಮೊದಲ ದಿನದಿಂದಲೇ ತೆರೆದಿತ್ತು, ಕಟ್ಟಡ ತಯಾರಿಸುವ ಎಡಿಟರ್ ಆಟದೊಳಗೇ ಇತ್ತು. ಹಾಗಂತ ಕುಂದಿಲ್ಲದ ಆಟವೇನಲ್ಲ. ಏಕಕಾಲಕ್ಕೆ 16,384 ವಾಹನಗಳಿಗಿಂತ ಹೆಚ್ಚು ಓಡುತ್ತಿರಲಿಲ್ಲ. ವಾಹನ ಹೊರಡುವಾಗಲೇ ದಾರಿ ನಿಗದಿಯಾಗಿ, ಮುಂದೆ ಜಾಮ್ ಆದರೂ ಬದಲಾಗುತ್ತಿರಲಿಲ್ಲ. ಹಾಗಾಗಿ ಆರು ಲೇನ್ ರಸ್ತೆಯಲ್ಲೂ ಒಂದೇ ಲೇನಿನಲ್ಲಿ ಸಾಲು ನಿಲ್ಲುತ್ತಿತ್ತು. ಇದನ್ನು ಬಹುಮಟ್ಟಿಗೆ ಸರಿಪಡಿಸಿದವರು ಮಾಡ್ ಬರೆದ ಆಟಗಾರರೇ. ಲೇನ್ ಮತ್ತು ಸಿಗ್ನಲ್ ಹಿಡಿತಕ್ಕೆ ಟ್ರಾಫಿಕ್ ಮ್ಯಾನೇಜರ್, ಕಟ್ಟಡ-ಮರಗಳನ್ನು ಕೂದಲೆಳೆಯಷ್ಟು ಸರಿಸಲು ಮೂವ್ ಇಟ್. ಇವಿಲ್ಲದೆ ಆ ಆಟ ಆಡುವುದನ್ನು ಹಳಬರು ಊಹಿಸಿಕೊಳ್ಳಲಾರರು. 2022ರ ಹೊತ್ತಿಗೆ 1.2 ಕೋಟಿ ಪ್ರತಿ ಮಾರಾಟವಾದ ಆಟದ ಅರ್ಧ ಪ್ರಾಣ ಆ ವರ್ಕ್‌ಶಾಪ್‌ನಲ್ಲಿತ್ತು. ಎರಡನೇ ಭಾಗವನ್ನು ಜನ ಹೋಲಿಸಿದ್ದು 2015ರ ಬರಿಯ ಆಟದೊಂದಿಗೆ ಅಲ್ಲ, ಎಂಟು ವರ್ಷ ತುಂಬಿಕೊಂಡ ಆಟದೊಂದಿಗೆ.

2023ರ ಅಕ್ಟೋಬರ್ 24ರಂದು ಎರಡನೇ ಭಾಗ ಪಿಸಿಗೆ ಬಂತು. ಕಾಗದದ ಮೇಲೆ ಅದು ಅಭಿಮಾನಿಗಳ ಬೇಡಿಕೆ ಪಟ್ಟಿಯೇ ಆಗಿತ್ತು: 441 ಟೈಲ್‌ಗಳ ನಕ್ಷೆ, ಮಧ್ಯದಲ್ಲಿ ಲೇನ್ ಬದಲಿಸುವ ವಾಹನ, ಸಮಯ, ಖರ್ಚು, ಅನುಕೂಲ ಎಲ್ಲವನ್ನೂ ತೂಗಿ ದಾರಿ ಆರಿಸುವ ನಾಗರಿಕ. ರಸ್ತೆ ಎಳೆಯುವ ಉಪಕರಣಗಳಂತೂ ಇಂದಿಗೂ ಈ ಬಗೆಯ ಆಟಗಳಲ್ಲೇ ಅತ್ಯುತ್ತಮ. ಆದರೆ ಬಿಡುಗಡೆಗೆ ಮೊದಲೇ ಅಪಶಕುನ ಕಂಡಿತ್ತು. ಶಿಫಾರಸು ಮಾಡಿದ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 2080 ಟಿಐನಿಂದ 3080ಕ್ಕೆ ಏರಿತು, ಕನಿಷ್ಠ ಕಾರ್ಡ್ ಜಿಟಿಎಕ್ಸ್ 780ರಿಂದ 970ಕ್ಕೆ. ಕನ್ಸೋಲ್ (ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂಥ ಆಟದ ಯಂತ್ರ) ಆವೃತ್ತಿ 2024ಕ್ಕೆ ಹೋಯಿತು. ವೇಗ ತಾವು ಅಂದುಕೊಂಡ ಮಟ್ಟ ಮುಟ್ಟಿಲ್ಲ ಎಂದು ತಯಾರಕರೇ ಒಪ್ಪಿಕೊಂಡರು. ದಿನಾಂಕ ಮಾತ್ರ ಕದಲಲಿಲ್ಲ. ಮುಂದಿನ ತೊಂದರೆಗಳ ಬೇರು ಇಲ್ಲೇ ಇದೆ.

ವೇಗ ಕುಸಿದದ್ದು ಯಾಕೆಂದು ಬಿಡಿಸಿ ನೋಡಿದರೆ ಕಾರಣ ಸರಳ. ಮೂರು ಆಯಾಮದ ಯಾವುದೇ ವಸ್ತು ಸಾವಿರಾರು ಬಿಂದುಗಳಿಂದ ಆಗಿರುತ್ತದೆ. ಕ್ಯಾಮೆರಾ ದೂರ ಸರಿದಂತೆ ಅದೇ ವಸ್ತುವಿನ ಹಗುರ ಮಾದರಿಯನ್ನು ತೋರಿಸುವುದು ವಾಡಿಕೆ. ಇದಕ್ಕೆ ಎಲ್‌ಒಡಿ (ಲೆವೆಲ್ ಆಫ್ ಡೀಟೇಲ್) ಎನ್ನುತ್ತಾರೆ. ಇಲ್ಲಿ ಹಲವು ವಸ್ತುಗಳಿಗೆ ಅಂಥ ಹಗುರ ಮಾದರಿಯೇ ಇರಲಿಲ್ಲ. ಮರದ ದಿಮ್ಮಿಗಳ ಒಂದು ರಾಶಿಗೆ ಲಕ್ಷಕ್ಕೂ ಹೆಚ್ಚು ಬಿಂದು. ಆಕಾಶದಿಂದ ನೋಡಿದರೆ ಇರುವೆಯಷ್ಟು ಕಾಣುವ ನಾಗರಿಕನ ಬಾಯೊಳಗೆ ಪೂರ್ತಿ ಹಲ್ಲಿನ ಸಾಲು. ಕಟ್ಟಡದ ಹಿಂದೆ ಮರೆಯಾದದ್ದನ್ನು ಬಿಟ್ಟುಬಿಡುವ ವ್ಯವಸ್ಥೆಯೂ ಇರಲಿಲ್ಲ. ಸಾಲದ್ದಕ್ಕೆ ನೆರಳಿಗಾಗಿ ಅವೇ ಬಿಂದುಗಳನ್ನು ಮತ್ತೊಮ್ಮೆ ಎಳೆಯಬೇಕು. ಇದರ ಹಿಂದೆ ಇನ್ನೊಂದು ಸಂಗತಿಯಿದೆ. ಲಕ್ಷಾಂತರ ನಾಗರಿಕರ ಲೆಕ್ಕ ನಡೆಸಲು ತಂಡ ನೆಚ್ಚಿಕೊಂಡದ್ದು ಆಟ ಕಟ್ಟುವ ತಂತ್ರಾಂಶವಾದ ಯುನಿಟಿ ಎಂಜಿನ್‌ನ ಹೊಸ ಡಾಟ್ಸ್ ತಂತ್ರವನ್ನು. ಅದು ಪಕ್ವವಾದದ್ದು 2023ರಲ್ಲಿ, ಚಿತ್ರ ಬಿಡಿಸುವ ಭಾಗವಂತೂ ಆಗಲೂ ಎಳಸು. ಹಾಗಾಗಿ ಸುಮಾರು 30 ಜನರ ತಂಡ ಆ ಭಾಗವನ್ನು ಬಹುಪಾಲು ತಾನೇ ಕಟ್ಟಿಕೊಳ್ಳಬೇಕಾಯಿತು.

ಮೊದಲ ವಾರ ತಯಾರಕರೇ ಕೊಟ್ಟ ಸಲಹೆ ಹಳೆ ಕಾರ್ಡ್ ಇರುವವರಿಗೆ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್‌ಗಳಲ್ಲಿ ಡೆಪ್ತ್ ಆಫ್ ಫೀಲ್ಡ್ (ದೂರದ್ದನ್ನು ಮಸುಕಾಗಿಸುವುದು) ಮತ್ತು ವಾಲ್ಯುಮೆಟ್ರಿಕ್ಸ್ (ಮೋಡ, ಮಂಜು) ಎರಡನ್ನೂ ಪೂರ್ತಿ ಆಫ್ ಮಾಡಿ, ಗ್ಲೋಬಲ್ ಇಲ್ಯುಮಿನೇಶನ್ (ಪ್ರತಿಫಲಿಸುವ ಬೆಳಕು) ಇಳಿಸಿ, ರೆಸಲ್ಯೂಶನ್ 1080ಪಿಗೆ ತನ್ನಿ. ಇಷ್ಟಾದ ಮೇಲೂ ತಡವರಿಸಿದರೆ ನೆರಳು ಮತ್ತು ಲೆವೆಲ್ ಆಫ್ ಡೀಟೇಲ್ ಇಳಿಸಿ ನೋಡಬೇಕು. ಒಂದು ಎಚ್ಚರಿಕೆ: ರೆಸಲ್ಯೂಶನ್ ಇಳಿಸಿದಾಗ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರಿದರೆ ಅಡಚಣೆ ಗ್ರಾಫಿಕ್ಸ್ ಕಾರ್ಡಿನದು. ಏರದೆ, ಮೂರನೇ ವೇಗ ಒತ್ತಿದರೂ ಆಟದ ಗಡಿಯಾರ ನಿಧಾನಕ್ಕೆ ಸಾಗಿದರೆ ಪ್ರೊಸೆಸರ್ ಸೋತಿದೆ ಎಂದರ್ಥ. ದೊಡ್ಡ ಊರುಗಳಲ್ಲಿ ಕಾಡುವುದು ಈ ಎರಡನೆಯದು. ಇದಕ್ಕೆ ಯಾವ ಗ್ರಾಫಿಕ್ಸ್ ಸೆಟ್ಟಿಂಗೂ ಮದ್ದಲ್ಲ.

ತಯಾರಕರು ಆಗಾಗ ಬಿಡುವ ತಿದ್ದುಪಡಿಗಳಿಂದ, ಅಂದರೆ ಪ್ಯಾಚ್‌ನಿಂದ ಪ್ಯಾಚ್‌ಗೆ, ಫ್ರೇಮ್ ಸಮಸ್ಯೆ ಕಡಿಮೆಯಾಗುತ್ತಾ ಬಂತು. ಹಳೆಯ ಆಟಗಾರರನ್ನು ಇನ್ನೂ ಆಳಕ್ಕೆ ಕಲಕಿದ್ದು ಊರಿನ ಹಣಕಾಸು. ಊರು ಎಷ್ಟು ಕೆಟ್ಟದಾಗಿ ಕಟ್ಟಿದರೂ ಸರ್ಕಾರದ ಸಹಾಯಧನ ಎಂಬ ಸಾಲಿನಲ್ಲಿ ಹಣ ಬಂದು ನಷ್ಟ ಮುಚ್ಚಿಹೋಗುತ್ತಿತ್ತು. ಕಾರ್ಖಾನೆಗೆ ಕಚ್ಚಾವಸ್ತು ಊರಿನೊಳಗೆ ಸಿಗದಿದ್ದರೂ ದೊಡ್ಡ ಪೆಟ್ಟೇನೂ ಬೀಳುತ್ತಿರಲಿಲ್ಲ. ತಪ್ಪು ಮಾಡಿದರೆ ಬೆಲೆ ತೆರಬೇಕು, ಸರಿ ಮಾಡಿದರೆ ಊರು ಅರಳಬೇಕು. ಊರು ಕಟ್ಟುವ ಆಟದ ಜೀವಾಳವೇ ಇದು. 2024ರ ಜೂನ್‌ನ ‘ಎಕಾನಮಿ 2.0’ ಪ್ಯಾಚ್ ಇದಕ್ಕೇ ಕೈ ಹಾಕಿತು. ಸಹಾಯಧನ ತೆಗೆಯಿತು, ಕೊಂಡ ಟೈಲ್‌ಗಳಿಗೆ ನಿರ್ವಹಣಾ ವೆಚ್ಚ ಹಾಕಿತು, ಹೊರಗಿನಿಂದ ತರಿಸಿಕೊಳ್ಳುವ ಸೇವೆಗೆ ಶುಲ್ಕ ಇಟ್ಟಿತು, ಊರಿಡೀ ಮೊಳಗುತ್ತಿದ್ದ ‘ಬಾಡಿಗೆ ಹೆಚ್ಚಾಯಿತು’ ದೂರಿನ ಮೂಲವಾದ ಬಾಡಿಗೆ ಲೆಕ್ಕವನ್ನು ಬದಲಿಸಿತು. ಬೇಕೆಂದಾಗಲೆಲ್ಲ ಟೈಲ್ ಕೊಂಡು ಹರಡಿದ ಹಳೆ ಊರುಗಳಲ್ಲಿ ಖರ್ಚು ಆದಾಯವನ್ನು ಮೀರಿತು. ಈ ಪ್ಯಾಚ್ ಹಾಕಿಕೊಂಡು ಆಡುವವರು ಹೊಸ ಊರಿನಿಂದ ಶುರು ಮಾಡುವುದೇ ಮೇಲು. ಒಳ್ಳೆಯ ತಿದ್ದುಪಡಿ ಇದು, ಬಂದದ್ದು ಮಾತ್ರ ಎಂಟು ತಿಂಗಳು ತಡವಾಗಿ.

ಅಷ್ಟರಲ್ಲಿ ವಿಶ್ವಾಸ ಕೆಟ್ಟಾಗಿತ್ತು. 2024ರ ಮಾರ್ಚ್ 25ರಂದು ‘ಬೀಚ್ ಪ್ರಾಪರ್ಟೀಸ್’ ಎಂಬ ಡಿಎಲ್‌ಸಿ 10 ಡಾಲರ್ ಬೆಲೆಗೆ ಬಂತು. ಅದರಲ್ಲಿದ್ದದ್ದು ನೀರಿನಂಚಿನ ಮನೆಗಳು, ತಾಳೆ ಮರಗಳು. ಮರಳ ತೀರದ ಚಟುವಟಿಕೆ ಯಾವುದೂ ಇರಲಿಲ್ಲ. ಮೂಲ ಆಟವೇ ರಿಪೇರಿಯಲ್ಲಿರುವಾಗ ಹಣ ಕೇಳಿದ್ದು ಜನರಿಗೆ ಸಹಿಸಲಾಗಲಿಲ್ಲ. ಸ್ಟೀಮ್‌ನಲ್ಲಿ ಅದು ಅತ್ಯಂತ ಕೆಟ್ಟ ವಿಮರ್ಶೆ ಪಡೆದವುಗಳ ಸಾಲಿಗೆ ಸೇರಿತು. ಮೂರು ವಾರದಲ್ಲಿ ಎರಡೂ ಸಂಸ್ಥೆಗಳು ಕ್ಷಮೆ ಕೋರಿ, ಹಣ ಹಿಂದಿರುಗಿಸಲು ಒಪ್ಪಿ, ಡಿಎಲ್‌ಸಿಯನ್ನು ಉಚಿತ ಮಾಡಿದವು.

ಮಾಡ್ ಬೆಂಬಲ ಬಂದದ್ದೂ ಆ ಮಾರ್ಚ್‌ನಲ್ಲೇ. ಕನ್ಸೋಲ್‌ಗೂ ಒದಗಲಿ ಎಂದು ಸ್ಟೀಮ್ ವರ್ಕ್‌ಶಾಪ್ ಬಿಟ್ಟು ‘ಪ್ಯಾರಡಾಕ್ಸ್ ಮಾಡ್ಸ್’ ಎಂಬ ಸ್ವಂತ ವೇದಿಕೆ ಆರಿಸಲಾಗಿತ್ತು. ಕನ್ಸೋಲ್ ಆವೃತ್ತಿ ಮಾತ್ರ ಮತ್ತೆ ಮತ್ತೆ ಮುಂದೆ ಹೋಗಿ ಕೊನೆಗೆ ದಿನಾಂಕವೇ ಇಲ್ಲದಾಯಿತು. ಕೋಡ್ ಮಾಡ್‌ಗಳೂ ನಕ್ಷೆಗಳೂ ಬಂದವು, ಸ್ವಂತ ಕಟ್ಟಡಗಳನ್ನು ಒಳತರುವ ಉಪಕರಣ 2025ರ ಬಹುಭಾಗ ಕಳೆದರೂ ಬರಲಿಲ್ಲ. ಜರ್ಮನಿ, ಫ್ರಾನ್ಸ್, ಜಪಾನ್ ಮುಂತಾದ ಕಡೆಯ ಕಟ್ಟಡಗಳ ಉಚಿತ ಪ್ಯಾಕ್‌ಗಳು ಆ ಕೊರತೆಯನ್ನು ಒಂದಷ್ಟು ತುಂಬಿದವು. ಅವುಗಳಲ್ಲಿ ಭಾರತದ್ದಿಲ್ಲ. ಎಡಬದಿಯ ಸಂಚಾರ ಆಯ್ಕೆ ಇದ್ದರೂ, ಜಯನಗರದಂಥ ಬಡಾವಣೆ ಎಬ್ಬಿಸಬೇಕೆಂದರೆ ಕಟ್ಟಡಗಳನ್ನು ಆಟಗಾರರೇ ಮಾಡಬೇಕು. ಐಸ್‌ಫ್ಲೇಕ್ ಕೈಗೆ ಬಂದಿರುವ ಕೆಲಸಗಳಲ್ಲಿ ಈ ಉಪಕರಣವನ್ನು ಪೂರ್ಣಗೊಳಿಸುವುದೂ ದೊಡ್ಡ ಊರುಗಳ ಸಿಮ್ಯುಲೇಶನ್ (ಒಳಗಿನ ಲೆಕ್ಕ) ವೇಗ ಹೆಚ್ಚಿಸುವುದೂ ಮಿಕ್ಕೆಲ್ಲಕ್ಕಿಂತ ಮೊದಲು ಆಗಬೇಕಾದವು.